ಶನಿವಾರದ ಬನ್ನು

ಬೇಕರಿಯಮ್ಮ ಕಾರ್ಡನ್ನು ಮಷೀನಿಗೆ ಮುಟ್ಟಿಸಿದಳು. ಮಷೀನು ಒಮ್ಮೆ ಕೀಂಕ್ ಎಂದಿತು. ಬನ್ನಿನ ಪೊಟ್ಟಣವನ್ನು ಮುಂದಕ್ಕೆ ತಳ್ಳಿ, ಅದರ ಮೇಲೆ ಕಾರ್ಡನ್ನೂ ಇಟ್ಟು, "ಆಯ್ತು ಯಜಮಾನ್ರೇ" ಎಂದು ಹಿಂದೆ ನಿಂತ ಗಿರಾಕಿಯ ಕಡೆ ಕತ್ತೆತ್ತಿದಳು.

ಯಜಮಾನ ಕದಲಲಿಲ್ಲ. ಒಂದು ಕೈಯಲ್ಲಿ ಪೊಟ್ಟಣ ಹಿಡಿದ, ಇನ್ನೊಂದರಲ್ಲಿ ಕಾರ್ಡು ಹಿಡಿದ. ಇದನ್ನು ನೋಡಿದ, ಅದನ್ನು ನೋಡಿದ. ಪೊಟ್ಟಣ ಬೆಚ್ಚಗಿತ್ತು.

"ಇನ್ನೇನಾದ್ರೂ ಬೇಕಿತ್ತಾ?"

"ದುಡ್ಡು" ಎಂದ ಯಜಮಾನ.

"ದುಡ್ಡು ಬಂತಲ್ಲ."

"ಎಲ್ಲಿ?"

ಬೇಕರಿಯಮ್ಮ ಮಷೀನು ತೋರಿಸಿದಳು. ಯಜಮಾನ ಬಗ್ಗಿ ನೋಡಿದ. ಬಟ್ಟೆ ಸೋಪಿನಷ್ಟು ದಪ್ಪದ ಕಪ್ಪು ಡಬ್ಬಿ. ನೋಟು ನುಂಗಲು ಅದಕ್ಕೆ ಬಾಯಿಲ್ಲ, ಚಿಲ್ಲರೆ ಬೀಳಲು ಹೊಟ್ಟೆಯಿಲ್ಲ. ಇವಳು ತನ್ನನ್ನು ಆಟ ಆಡಿಸುತ್ತಿದ್ದಾಳೆ ಎಂದುಕೊಂಡು ಕಾರ್ಡನ್ನು ಗಾಜಿನ ಮೇಲಿಟ್ಟು, "ಇಟ್ಕೊಳ್ಳಿ" ಎಂದ. ಅವಳು ನಕ್ಕು ಅದನ್ನೆತ್ತಿ ಅವನ ಅಂಗಿಯ ಜೇಬಿಗೆ ಸೇರಿಸಿದಳು. "ಇದು ನಿಮ್ದು. ಜೋಪಾನ."

ಹಿಂದೆ ನಿಂತಿದ್ದವನು ಕೆಮ್ಮಿದ. ಅದು ನೆಗಡಿಯ ಕೆಮ್ಮಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಜಮಾನ ಹೊರಗೆ ಬಂದ. ಕಿವಿ ಬಿಸಿಯಾಗಿತ್ತು. ಹೋದ ಶನಿವಾರವೂ ಹೀಗೇ ಆಗಿತ್ತು, ಅದರ ಹಿಂದಿನ ಶನಿವಾರವೂ. ಅವನು ಬನ್ನು ಕೇಳಿದ, ಅವಳು ಕೊಟ್ಟಳು, ಅವನಿಂದ ಏನನ್ನೂ ಇಸಕೊಳ್ಳಲಿಲ್ಲ. ಅದಕ್ಕೆ ಏನೆನ್ನುತ್ತಾರೆ ಎಂದು ಅವನಿಗೆ ಚಿಕ್ಕಂದಿನಿಂದಲೂ ಗೊತ್ತು.

ಯಜಮಾನ ಎಂದ ಮಾತ್ರಕ್ಕೆ ಅವನಿಗೆ ಮನೆಮಠ, ಆಳುಕಾಳು ಇದ್ದವು ಎಂದಲ್ಲ. ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಮಡಚುವ ಮೇಜಿನ ಕೆಲಸ ಅವನದು. ವಯಸ್ಸು ನಲವತ್ತು ದಾಟಿ ನೆತ್ತಿ ಬೋಳಾಗುತ್ತಿತ್ತು. ಬುದ್ಧಿ ಮಾತ್ರ ವಯಸ್ಸಿನ ಜೊತೆಗೇ ಹೊರಟು, ಹಾದಿಯಲ್ಲಿ ಎಲ್ಲೋ ಹಿಂದೆ ಬಿದ್ದಿತ್ತು. "ನನ್ನ ಮಗ ದಡ್ಡ ಅಲ್ಲ, ನಿಧಾನ" ಎಂದು ಅವನ ತಾಯಿ ಹೇಳುತ್ತಿದ್ದಳು. ಉಳಿದವರು ಬೇರೆ ಮಾತು ಹೇಳುತ್ತಿದ್ದರು. ಆ ಮಾತುಗಳು ನಿಮಗೂ ಗೊತ್ತು. ಬರೆದು ಕಾಗದ ಹೊಲಸು ಮಾಡುವ ಅಗತ್ಯವಿಲ್ಲ.

ದೊಡ್ಡ ಹಾಸು ಮಡಚಲು ಇಬ್ಬರು ಬೇಕು. ಇಬ್ಬರೂ ಎರಡೆರಡು ತುದಿ ಹಿಡಿದು ಎಳೆದು, ಕೊಡವಿ, ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಯಜಮಾನನ ಎದುರು ತುದಿ ಹಿಡಿಯುವವಳು ಗಡಿಬಿಡಿ. ಗಂಡ ಸತ್ತು ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಆ ದಪ್ಪ ಹೆಂಗಸಿಗೆ ಲಾಂಡ್ರಿಯಲ್ಲಿ ಅದೇ ಹೆಸರು, ಏಕೆಂದರೆ ಅವಳಿಗೆ ಕೂತರೂ ಅವಸರ, ನಿಂತರೂ ಅವಸರ. ಅವಳ ತುದಿ ಯಾವತ್ತೂ ಸೊಟ್ಟ. ಸೊಟ್ಟಗಿದ್ದರೆ ಯಜಮಾನ ತನ್ನ ತುದಿ ಕೊಡುವುದಿಲ್ಲ. ಅವಳು ಬೈದು, ಸರಿಮಾಡಿ, ಮತ್ತೆ ಬೈದು ಮುಂದಿನ ಹಾಸು ಎತ್ತಿಕೊಳ್ಳುತ್ತಾಳೆ. ಹೀಗೆ ಬೈಗುಳದಲ್ಲೇ ಅವರ ಸ್ನೇಹ ಬೆಳೆದು ಬಂದಿತ್ತು.

ಶನಿವಾರ ಮಧ್ಯಾಹ್ನ ಸಂಬಳದ ಕವರು ಕೈಗೆ ಬಂದ ಕೂಡಲೆ ಅವನು ರಸ್ತೆ ದಾಟಿ ಬೇಕರಿಗೆ ಹೋಗಿ ಮೇಜಿನ ಎಲ್ಲರಿಗೂ ಬನ್ನು ತರುತ್ತಿದ್ದ. "ಓಹೋ, ಯಜಮಾನರು ಬಂದ್ರು" ಎಂದು ಯಾರೋ ಒಂದು ದಿನ ಗೇಲಿ ಮಾಡಿದ್ದರು. ವರ್ಷಗಳು ಕಳೆದಂತೆ ಗೇಲಿ ತೊಳೆದು ಹೋಗಿ ಹೆಸರು ಉಳಿಯಿತು. ಅವನು ಒಬ್ಬೊಬ್ಬರ ಕೈಗೂ ಬನ್ನು ಕೊಟ್ಟು, "ತಿನ್ನಿ, ನನ್ನ ದುಡ್ಡಿಂದು" ಎನ್ನುತ್ತಿದ್ದ. ಗಡಿಬಿಡಿ ಬಾಯಿ ತುಂಬ ಬನ್ನು ತುಂಬಿಕೊಂಡು, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎನ್ನುತ್ತಿದ್ದಳು. "ನೀನೇ ಈರಭದ್ರ" ಎಂದು ಅವನು ಅವಳ ಹೊಟ್ಟೆ ತೋರಿಸುತ್ತಿದ್ದ. ಪ್ರತಿ ವಾರ ಅದೇ ಮಾತು, ಪ್ರತಿ ವಾರ ಅದೇ ನಗು. ಅವನ ವಾರ ನಡೆಯುತ್ತಿದ್ದದ್ದೇ ಆ ನಗುವಿನ ಕಡೆಗೆ.

ದುಡ್ಡಿನ ಪಾಠ ಹೇಳಿಕೊಟ್ಟವಳು ತಾಯಿ. ಅವನು ಚಿಕ್ಕವನಿದ್ದಾಗ ಒಮ್ಮೆ ಬೆಂಕಿಪೊಟ್ಟಣ ತರಲು ಕಳಿಸಿದ್ದಳು. ಅಂಗಡಿಯವನು "ಪಾಪ, ಇರ್ಲಿ ಬಿಡು" ಎಂದು ಬೆಂಕಿಪೊಟ್ಟಣವನ್ನೂ ಕೊಟ್ಟು ನೋಟನ್ನೂ ವಾಪಸು ಅವನ ಕೈಗಿಟ್ಟಿದ್ದ. ತಾಯಿ ಕಿವಿ ಹಿಡಿದು ಅವನನ್ನು ಅದೇ ಅಂಗಡಿಗೆ ಎಳೆದುಕೊಂಡು ಹೋದಳು. ಎಲ್ಲರೆದುರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಬೀಳಿಸಿದಳು. "ಕೊಟ್ಟ ಮೇಲೆ ಕೈ ಖಾಲಿ ಆಗ್ಬೇಕು. ಖಾಲಿ ಆಗ್ಲಿಲ್ಲ ಅಂದ್ರೆ ಅದು ಕೊಟ್ಟಿದ್ದಲ್ಲ, ಭಿಕ್ಷೆ. ನಾವು ಭಿಕ್ಷೆ ಬೇಡೋರಲ್ಲ. ತೋರ್ಸು ಕೈ." ಅವನು ಅಂಗೈ ಅಗಲಿಸಿ ತೋರಿಸಿದ. ಅವತ್ತಿನಿಂದ ಯಾವ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಅಂಗೈ ತೋರಿಸಿಯೇ ಬರುತ್ತಿದ್ದ. ಹೊಸಬರು ನಗುತ್ತಿದ್ದರು. ಹಳಬರು ತಲೆಯಾಡಿಸಿ, "ಸರಿ, ಬಂತು" ಎನ್ನುತ್ತಿದ್ದರು.

ನೋಟಿದ್ದ ಕಾಲದಲ್ಲಿ ಅವನಿಗೆ ಯಾರೂ ಟೋಪಿ ಹಾಕಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಬೇಕಾದಷ್ಟು ಜನ ಹಾಕಿದರು. ಅದಕ್ಕೇ ತಾಯಿ ಎರಡನೆಯ ಪಾಠ ಹೇಳಿಕೊಟ್ಟಳು: ಚಿಲ್ಲರೆ ಬರುವವರೆಗೆ ಜಾಗ ಬಿಟ್ಟು ಕದಲಬೇಡ. ಎಷ್ಟು ಬರಬೇಕು ಎಂದು ಗೊತ್ತಿಲ್ಲದಿದ್ದರೂ ನಿಂತೇ ಇರು. ನಿಂತವನನ್ನು ನೋಡಿದರೆ ಕಳ್ಳನಿಗೂ ಮುಜುಗರ. ಮನೆಯಲ್ಲಿ ಮೂರು ಬಿಸ್ಕತ್ತಿನ ಡಬ್ಬಗಳಿಗೆ ಬಣ್ಣ ಬಳಿದು ಇಟ್ಟಿದ್ದಳು. ಕೆಂಪು ಡಬ್ಬ ಮನೆಗೆ, ನೀಲಿ ಬಸ್ಸಿಗೆ, ಹಳದಿ ಶನಿವಾರಕ್ಕೆ. ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ತುಂಬಿದೆಯೋ ತಳ ಕಂಡಿದೆಯೋ ಅವನಿಗೆ ತಿಳಿಯುತ್ತಿತ್ತು.

ತಾಯಿ ಹೋದಳು. ಡಬ್ಬಗಳೂ ಯಜಮಾನನೂ ಅಕ್ಕನ ಮನೆಗೆ ಬಂದರು. ಅಕ್ಕ ಮನೆಯಲ್ಲೇ ಹೊಲಿಗೆ ಮಷೀನಿಟ್ಟುಕೊಂಡು ಹಳೆ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ ಮಾಡುತ್ತಿದ್ದಳು. ಭಾವ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದ. ಅಕ್ಕ ಕೆಟ್ಟವಳಲ್ಲ. ಕೆಟ್ಟವಳಾಗಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಂಡನ ಜೊತೆ ಜಗಳವಾಡುತ್ತಿದ್ದಳು, ಕಚ್ಚಿಕೊಂಡೇ ತಮ್ಮನನ್ನು ಊಟಕ್ಕೆ ಕರೆಯುತ್ತಿದ್ದಳು.

ಒಂದು ದಿನ ಲಾಂಡ್ರಿಯ ಸೂಪರ್‌ವೈಸರು ಮೇಜಿನ ಹತ್ತಿರ ಬಂದು, ಇನ್ನು ಮೇಲೆ ಕವರು ಇಲ್ಲ, ಸಂಬಳ ತಿಂಗಳಿಗೊಮ್ಮೆ ನೇರ ಬ್ಯಾಂಕಿಗೆ ಎಂದು ಹೇಳಿ ಹೋದ. ಅಕ್ಕ ಅರ್ಧ ದಿನದ ಹೊಲಿಗೆ ಬಿಟ್ಟು ತಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋದಳು. ತಣ್ಣನೆಯ ಕೋಣೆ. ಕುರ್ಚಿಯಲ್ಲಿ ಕೂತವನು ಯಜಮಾನನ ಮುಖ ನೋಡಿ, ಅಕ್ಕನನ್ನು ಕೇಳಿದ:

"ಇವರಿಗೆ ಅರ್ಥ ಆಗುತ್ತಾ?"

"ಆಗುತ್ತೆ" ಎಂದ ಯಜಮಾನ.

ಕುರ್ಚಿಯವನು ಅಕ್ಕನ ಕಡೆಗೇ ತಲೆಯಾಡಿಸಿದ. ಯಜಮಾನನಿಗೆ ತನ್ನ ಹೆಸರು ಬರೆಯಲು ಬರುತ್ತದೆ. ನಿಧಾನ, ಆದರೆ ಬರುತ್ತದೆ. ಪೆನ್ನು ಹಿಡಿದು ಅರ್ಧ ಬರೆದಿದ್ದ. ಕುರ್ಚಿಯವನು ಬಾಗಿಲವರೆಗಿನ ಸಾಲು ನೋಡಿ, ಶಾಯಿಯ ಡಬ್ಬಿ ಮುಂದೆ ತಳ್ಳಿ, ಅವನ ಹೆಬ್ಬೆರಳು ಹಿಡಿದು ಒತ್ತಿಸಿಬಿಟ್ಟ. ಅರ್ಧ ಹೆಸರಿನ ಮೇಲೆ ಹೆಬ್ಬೆಟ್ಟು ಕೂತಿತು. "ಎಲ್ಲಾ ನಿಮ್ಮ ಫೋನಿಂದಲೇ ನೋಡ್ಕೋಬಹುದು ಮೇಡಂ" ಎಂದು ಅಕ್ಕನಿಗೆ ಹೇಳಿ, ಕಾರ್ಡನ್ನೂ ಅಕ್ಕನ ಕೈಗೇ ಕೊಟ್ಟ. ಅಕ್ಕ ಹೊರಗೆ ಬಂದ ಮೇಲೆ ಅದನ್ನು ತಮ್ಮನಿಗೆ ಕೊಟ್ಟಳು. "ಇದ್ರಲ್ಲೇ ನಿನ್ನ ದುಡ್ಡಿರೋದು. ಕಳೀಬೇಡ." ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ.

ದುಡ್ಡೇ ದೊಡ್ಡಪ್ಪ ಎನ್ನುತ್ತಾರೆ. ಕಣ್ಣಿಗೆ ಕಾಣಿಸದ, ಕೈಗೆ ಸಿಗದ, ಕರೆದರೆ ಓಗೊಡದ ದೊಡ್ಡಪ್ಪನನ್ನು ಕಟ್ಟಿಕೊಂಡು ಅವನು ಏನು ಮಾಡಬೇಕು?

ಮೂರು ಶನಿವಾರ ಬನ್ನು ಹಂಚಿದ, ತಾನು ತಿನ್ನಲಿಲ್ಲ. "ನನ್ನ ದುಡ್ಡಿಂದು" ಎಂದು ಹೇಳಲೂ ಇಲ್ಲ. ಗಡಿಬಿಡಿ ತನ್ನ ಕೋಡಂಗಿ ಈರಭದ್ರ ಹೇಳಿ ಕಾದಳು. ಅವನು ತಲೆ ತಗ್ಗಿಸಿ ದಿಂಬಿನ ಚೀಲಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

"ಹಲ್ಲು ನೋವಾ?" ಎಂದಳು.

"ಇಲ್ಲ."

"ಮತ್ತೆ ತಿನ್ನೋಕೆ ಏನು ರೋಗ?"

ಅವನು ಇನ್ನೊಂದು ಚೀಲ ಎತ್ತಿಕೊಂಡ. ಭಿಕ್ಷೆ ಎಂಬ ಮಾತನ್ನು ಎಲ್ಲರೆದುರು ಹೇಳಲು ನಾಚಿಕೆಯಾಯಿತು.

ನಾಲ್ಕನೆಯ ಶನಿವಾರ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಬೇಕರಿಯಮ್ಮ ಕಾರ್ಡು ಮುಟ್ಟಿಸಿ ಪೊಟ್ಟಣದ ಮೇಲಿಟ್ಟಳು. ಅವನು ಕಾರ್ಡನ್ನು ಗಾಜಿನ ಮೇಲಿಟ್ಟು, ಅಂಗೈ ಅಗಲಿಸಿ ತೋರಿಸಿ, ಅವಳು ಬಾಯಿ ತೆರೆಯುವ ಮೊದಲೇ ಪೊಟ್ಟಣ ಬಗಲಲ್ಲಿಟ್ಟು ಓಡಿದ. "ಯಜಮಾನ್ರೇ, ಏ ಯಜಮಾನ್ರೇ" ಎಂದು ಅವಳು ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಒಂದು ಮೋಟಾರು ಸೈಕಲ್ಲಿನವನಿಂದ ಬೈಸಿಕೊಂಡು ರಸ್ತೆ ದಾಟಿ ಲಾಂಡ್ರಿ ಸೇರಿದ. ಮೇಜಿನ ಹತ್ತಿರ ಬಂದವನಿಗೆ ಏದುಸಿರಿನಲ್ಲೂ ನಗು ತಡೆಯಲಾಗಲಿಲ್ಲ. "ತಿನ್ನಿ, ನನ್ನ ದುಡ್ಡಿಂದು." ಮೊದಲ ತುತ್ತು ತಾನೇ ಕಚ್ಚಿದ. ಗಡಿಬಿಡಿಯ ಹೊಟ್ಟೆ ತೋರಿಸಿ, "ಈರಭದ್ರ" ಎಂದ. ಮೂರು ವಾರದ ಹಸಿವು ಒಂದೇ ಬನ್ನಿನಲ್ಲಿ ತೀರಿದಂತಿತ್ತು.

ಅದು ಗಂಟಲಿಂದ ಇಳಿಯುವಷ್ಟರಲ್ಲಿ ಬೇಕರಿಯಮ್ಮ ಅಂಗಡಿಗೆ ಅರ್ಧ ಬಾಗಿಲೆಳೆದು, ಹಿಟ್ಟಿನ ಕೈಯಲ್ಲೇ ಕಾರ್ಡು ಹಿಡಿದುಕೊಂಡು ಮೇಜಿನ ಹತ್ತಿರಕ್ಕೇ ಬಂದಳು. ಅವಳನ್ನು ಕಂಡು ಯಜಮಾನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ನಾನು ತಗೊಳ್ಳಲ್ಲ" ಎಂದ. "ಕೊಟ್ಟಾಯ್ತು."

"ಅಯ್ಯೋ, ಇದು ಕೊಡೋ ವಸ್ತು ಅಲ್ಲ. ತೋರ್ಸೋ ವಸ್ತು."

"ತೋರ್ಸಿದ್ರೆ ಬನ್ನು ಯಾರು ಕೊಡ್ತಾರೆ? ನಾನು ಭಿಕ್ಷೆ ಬೇಡೋನಲ್ಲ."

ಗಡಿಬಿಡಿಗೆ ಆಗ ಅರ್ಥವಾಯಿತು. ಮೂರು ವಾರ ಅವನು ಯಾಕೆ ತಿನ್ನಲಿಲ್ಲ, ಯಾಕೆ ಮಾತಾಡಲಿಲ್ಲ ಎಲ್ಲವೂ ಅರ್ಥವಾಯಿತು. ಅವಳು ಬೇಕರಿಯಮ್ಮನನ್ನು ಒಗೆದ ಬಟ್ಟೆಯ ಗಾಡಿಗಳ ಹಿಂದೆ ಕರೆದುಕೊಂಡು ಹೋಗಿ ಅವನೇ ಎಷ್ಟೋ ಸಲ ಹೇಳಿದ್ದ ತಾಯಿ, ಡಬ್ಬ, ಖಾಲಿ ಕೈಯ ಕಥೆಯನ್ನೆಲ್ಲ ತನ್ನ ಅವಸರದಲ್ಲಿ ಹೇಳಿದಳು. ಬೇಕರಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು. ಸ್ವಲ್ಪ ಹೊತ್ತು ಯೋಚಿಸಿ, ವಾಪಸು ಬಂದು, "ತಪ್ಪು ನಂದೇ ಯಜಮಾನ್ರೇ" ಎಂದಳು. "ನಿಮ್ಮ ಚಿಲ್ಲರೆ ಕೊಡೋದು ಮರ್ತಿದ್ದೆ."

"ಚಿಲ್ಲರೆನಾ?"

"ಹೂಂ ಮತ್ತೆ. ನೀವು ಕೊಟ್ಟಿದ್ದು ಜಾಸ್ತಿ, ಬನ್ನಿನ ದುಡ್ಡು ಕಮ್ಮಿ. ಚಿಲ್ಲರೆ ವಾಪಸ್ ಬರ್ಬೇಕಲ್ಲ." ಸೊಂಟದ ಚೀಲದಿಂದ ಒಂದು ನಾಣ್ಯ ತೆಗೆದು, ಕಾರ್ಡಿನ ಮೇಲಿಟ್ಟು ಅವನ ಮುಂದೆ ಹಿಡಿದಳು.

ಯಜಮಾನ ನಾಣ್ಯ ನೋಡಿದ. ತಾಯಿಯ ಪಾಠವನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಭಿಕ್ಷೆ ಹಾಕುವವರು ಚಿಲ್ಲರೆ ಲೆಕ್ಕ ಹಾಕುವುದಿಲ್ಲ. ಚಿಲ್ಲರೆ ಬಂತೆಂದರೆ ದುಡ್ಡು ಹೋಗಿದೆ ಎಂದೇ ಅರ್ಥ. ಬೆನ್ನ ಹಿಂದಿನ ಕೈ ನಿಧಾನವಾಗಿ ಮುಂದೆ ಬಂತು.

ಮುಂದಿನ ಶನಿವಾರದಿಂದ ಅದೇ ಪದ್ಧತಿಯಾಯಿತು. ಬೇಕರಿಯಮ್ಮ ಬನ್ನಿನ ಬೆಲೆಯ ಮೇಲೆ ಒಂದು ನಾಣ್ಯದಷ್ಟು ಸೇರಿಸಿ ಮಷೀನಿಗೆ ಒತ್ತುತ್ತಿದ್ದಳು. ಆಮೇಲೆ ಗಲ್ಲಾದಿಂದ ಆ ನಾಣ್ಯ ತೆಗೆದು ಅವನಿಗೆ ಕೊಡುತ್ತಿದ್ದಳು. ಯಾರಿಗೂ ನಷ್ಟವಿಲ್ಲ, ಯಾರ ಹಂಗೂ ಇಲ್ಲ. ಗಲ್ಲಾದಲ್ಲಿ ಈಗ ರಬ್ಬರು ಬ್ಯಾಂಡು, ಮುರಿದ ಪೆನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅವನಿಗಾಗಿಯೇ ಒಂದು ಹಿಡಿ ನಾಣ್ಯ ಹುಡುಕಿ ಇಟ್ಟುಕೊಂಡಿದ್ದಳು. ಅವನು ನಾಣ್ಯವನ್ನು ಮನೆಗೆ ತಂದು ಹಳದಿ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುತ್ತಿದ್ದ. ಆ ಮುಚ್ಚಳದ ಟಪ್ಪೆಂಬ ಸದ್ದು ಮನೆಗೆಲ್ಲ ಕೇಳಿಸುತ್ತಿತ್ತು. ಹಿಂದೆ ಆ ಡಬ್ಬಗಳಿಗೆ ಯಾರು ಕೈ ಹಾಕಿದರೂ ಅದೇ ಸದ್ದು ಅವನನ್ನು ಎಬ್ಬಿಸುತ್ತಿತ್ತು.

ಭಾವನ ಗಾಡಿಯ ಎಂಜಿನ್ನು ಕೂತುಹೋದದ್ದು ಆ ದಿನಗಳಲ್ಲಿ. ಗಾಡಿ ಮನೆಯ ಮುಂದೆ ಮೂತಿ ತೆರೆದುಕೊಂಡು ನಿಂತಿತು; ಬಾಡಿಗೆಯಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಒಂದು ಶುಕ್ರವಾರ ಸಂಜೆ ಯಜಮಾನ ಒಳಕೋಣೆಯ ಮಂಚದ ಮೇಲೆ ಕೂತು ನಾಳೆಯ ಅಂಗಿ ಮಡಚುತ್ತಿದ್ದ. ಆಚೆ ಹೊಲಿಗೆ ಮಷೀನಿನ ಸದ್ದು ನಿಂತಿತು.

"ನಿನ್ನ ತಮ್ಮನ ಅಕೌಂಟಲ್ಲಿ ಇದೆಯಲ್ಲ" ಎಂದ ಭಾವ.

"ಹೋದ ತಿಂಗಳ ಕಂತೂ ಅಲ್ಲಿಂದಲೇ ತೆಗೆದ್ರಿ. ಅದನ್ನೇ ಇನ್ನೂ ಹಾಕಿಲ್ಲ."

"ಹಾಕಲ್ಲ ಅಂದ್ನಾ ನಾನು? ಗಾಡಿ ಓಡ್ಲಿ, ಎಲ್ಲಾ ಸೇರ್ಸಿ ಹಾಕೋಣ. ಅವನು ಊಟ ಮಾಡೋದು ಎಲ್ಲಿ? ಮಲಗೋದು ಎಲ್ಲಿ? ನಾನೇನು ಲೆಕ್ಕ ಕೇಳಿದೀನಾ?"

"ಅದು ಅವನ ದುಡಿಮೆ ರೀ."

"ಅವನ ದುಡಿಮೆ ಅಂತ ಅವನಿಗೇ ಗೊತ್ತಿಲ್ಲ. ಈಗೇನು ಡಬ್ಬ ಅಲ್ಲಾಡಿಸಿ ನೋಡ್ತಾನಾ?"

ಅಕ್ಕ ಮೂಗೊರೆಸಿಕೊಂಡ ಸದ್ದು ಬಂತು. "ಎಂಜಿನ್ನಿಗೆ ಪೂರ್ತಿ ಬೇಕಾ? ಅವನ ಶನಿವಾರಕ್ಕಾದ್ರೂ ಸ್ವಲ್ಪ ಬಿಡೋಣ" ಎಂದಳು. "ಬಿಟ್ರೆ ಮೆಕ್ಯಾನಿಕ್ಕು ಅರ್ಧ ಎಂಜಿನ್ನು ಹಾಕ್ತಾನಾ?" ಎಂದ ಭಾವ. ಅಕ್ಕ ಫೋನು ಕೈಗೆತ್ತಿಕೊಂಡಳು. ಎಲ್ಲಿಯೂ ಮುಚ್ಚಳ ತೆಗೆದ ಸದ್ದಾಗಲಿಲ್ಲ. ಬೆರಳು ಗಾಜಿನ ಮೇಲೆ ಆಡಿದ್ದು ಯಾರಿಗೆ ಕೇಳಿಸುತ್ತದೆ?

ಯಜಮಾನ ಎಲ್ಲವನ್ನೂ ಕೇಳಿಸಿಕೊಂಡ. ಅಕೌಂಟೆಂದರೆ ಅವನಿಗೆ ಆ ತಣ್ಣನೆಯ ಕೋಣೆ; ಅಲ್ಲಿರುವುದೆಲ್ಲ ಕುರ್ಚಿಯಲ್ಲಿ ಕೂತವನದು. ಅವನಿಗೆ ತಿಳಿದದ್ದು ಇಷ್ಟು: ಭಾವನಿಗೆ ದುಡ್ಡು ಬೇಕಾಗಿದೆ, ಅಕ್ಕ ಅಳುತ್ತಿದ್ದಾಳೆ. ಅಂಗಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದ.

ಮರುದಿನ ಮಧ್ಯಾಹ್ನ ಅವನು ಬೇಕರಿಗೆ ಹೊರಟಾಗ ಗಡಿಬಿಡಿಯೂ ಜೊತೆಗೆ ಬಂದಳು. ಮಕ್ಕಳಿಗೆ ಬ್ರೆಡ್ಡು ಬೇಕಿತ್ತಂತೆ. ಬೇಕರಿಯಮ್ಮ ಬನ್ನು ಕಟ್ಟಿ, ಕಾರ್ಡು ಮುಟ್ಟಿಸಿದಳು. ಮಷೀನು ಕೀಂಕ್ ಎನ್ನಲಿಲ್ಲ. ದಪ್ಪ ದನಿಯಲ್ಲಿ ಎರಡು ಸಲ ಗುರುಗುಟ್ಟಿತು. ಅವಳು ಮತ್ತೊಮ್ಮೆ ಮುಟ್ಟಿಸಿದಳು. ಮತ್ತೆ ಎರಡು ಸಲ. ಮಷೀನಿನ ಮೇಲಿನ ಸಣ್ಣ ಅಕ್ಷರ ಓದಿದಳು. ನಾಣ್ಯದಷ್ಟು ಕಳೆದು, ಬರೀ ಬನ್ನಿನ ಬೆಲೆ ಒತ್ತಿ ನೋಡಿದಳು. ಕೊನೆಗೆ ಒಂದೇ ಒಂದು ಬನ್ನಿನ ಬೆಲೆ ಒತ್ತಿದಳು. ಮಷೀನಿಗೆ ಕರುಣೆಯಿಲ್ಲ, ಗುರುಗುಟ್ಟಿತು.

ಅವಳು ತಲೆಯೆತ್ತಿ ಗಡಿಬಿಡಿಯನ್ನು ನೋಡಿದಳು. ಗಡಿಬಿಡಿಯ ಕೈ ತನ್ನ ಪರ್ಸಿನ ಕಡೆ ಹೋಯಿತು. ಬೇಡ ಎಂಬಂತೆ ಬೇಕರಿಯಮ್ಮ ಕಣ್ಣಲ್ಲೇ ತಡೆದಳು.

"ತುಂಬಾ ಸಲ ಕೂಗ್ತು" ಎಂದ ಯಜಮಾನ. ಅವನ ಹುಬ್ಬು ಗಂಟಿಕ್ಕಿತ್ತು. "ಅಷ್ಟು ಸಲಾನೂ ದುಡ್ಡು ತಗೊಂಡ್ರಾ?"

"ಇಲ್ಲ ಯಜಮಾನ್ರೇ."

"ನಾನು ತಗೊಂಡಿರೋದು ಒಂದೇ ಸಲದ ಬನ್ನು. ಒಂದೇ ಸಲ ತಗೋಬೇಕು."

"ಒಂದೇ ಸಲ ತಗೊಂಡಿದೀನಿ."

"ನಿಜ ಹೇಳಿ."

"ನಿಜ" ಎಂದಳು ಬೇಕರಿಯಮ್ಮ.

ಯಜಮಾನ ಅವಳ ಮುಖವನ್ನೇ ನೋಡುತ್ತ ನಿಂತ. ಸಾಲು ಬೆಳೆಯುತ್ತಿತ್ತು, ಇವತ್ತೂ ಯಾರೋ ಕೆಮ್ಮಿದರು. ಅವನು ಜಾಗ ಬಿಟ್ಟು ಕದಲಲಿಲ್ಲ. ಕೈ ಚಾಚಿ, "ಚಿಲ್ಲರೆ?" ಎಂದು ಕೇಳಿದ.

ಬೇಕರಿಯಮ್ಮ ಗಲ್ಲಾ ಎಳೆದಳು. ಒಳಗೆ ಬೆರಳಾಡಿಸಿ ಒಂದು ನಾಣ್ಯ ಎತ್ತಿ ಅವನ ಅಂಗೈಯಲ್ಲಿಟ್ಟಳು. "ಸರಿ ಇದೆಯಾ ನೋಡ್ಕೊಳ್ಳಿ" ಎಂದಳು, ಎಂದಿನ ಹಾಗೆ. ಅವನು ತಿರುಗಿಸಿ ನೋಡಿ, "ಸರಿ ಇದೆ" ಎಂದು ಜೇಬಿಗೆ ಹಾಕಿಕೊಂಡು, ಅವಳಿಗೆ ಅಂಗೈ ತೋರಿಸಿದ.

"ಬಂತು" ಎಂದಳು ಅವಳು.

ಮೇಜಿನ ಸುತ್ತ ಎಂದಿನಂತೆ ಹಂಚಿದ. "ತಿನ್ನಿ, ನನ್ನ ದುಡ್ಡಿಂದು." ಎಲ್ಲರೂ ತಿಂದರು. ಗಡಿಬಿಡಿ ಮಾತ್ರ ಬನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಯಾವತ್ತೂ ಎಲ್ಲರಿಗಿಂತ ಮೊದಲು ಮುಗಿಸಿ ಬೇರೆಯವರ ಕೈ ನೋಡುವವಳು, ಇವತ್ತು ಒಂದು ಚೂರು ಮುರಿದು ಅದನ್ನೇ ಬೆರಳಲ್ಲಿ ಉಂಡೆ ಕಟ್ಟುತ್ತಿದ್ದಳು. ಯಜಮಾನ ಅವಳ ಮುಂದೆ ಬಂದು ನಿಂತು ಕಾದ.

"ಹೇಳು" ಎಂದ.

"ಏನು ಹೇಳ್ಲಿ?"

"ಕೊಟ್ಟೋನು ಕೋಡಂಗಿ."

ಗಡಿಬಿಡಿ ಮುಖ ಆ ಕಡೆ ತಿರುಗಿಸಿದಳು. ಅವನಿಗೆ ತನ್ನ ಮೂರು ಶನಿವಾರಗಳು ನೆನಪಾದವು. ಅವಳ ಸಂಕಟ ಏನೆಂದು ಅವನಿಗೆ ಥಟ್ಟನೆ ಹೊಳೆಯಿತು. ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ:

"ತಿನ್ನು. ಭಿಕ್ಷೆದಲ್ಲ. ದುಡ್ಡು ಕೊಟ್ಟೇ ತಂದಿದ್ದು. ನೀನೇ ನೋಡಿದ್ಯಲ್ಲ, ಚಿಲ್ಲರೆ ಬಂತು."

ಅವಳು ಬನ್ನು ಕಚ್ಚಿದಳು. ಅವನು ನೋಡುತ್ತಿದ್ದ ಎಂಬ ಕಾರಣಕ್ಕೆ ಅಗಿದಳು, ನುಂಗಿದಳು. ಆಮೇಲೆ ಗಾಡಿಯಿಂದ ಒಂದು ಹಾಸು ಎಳೆದು, "ಹಿಡಿ ತುದಿ" ಎಂದಳು. ಅವತ್ತು ಅವಳ ತುದಿ ಸೊಟ್ಟಗಾಗಲಿಲ್ಲ.

ಸಂಜೆ ಅವನು ಮನೆಗೆ ಬಂದಾಗ ಗಾಡಿಯ ಮೂತಿಯೊಳಗೆ ಮೆಕ್ಯಾನಿಕ್ಕು ಸೊಂಟದವರೆಗೆ ಇಳಿದಿದ್ದ. ಭಾವ ಪಕ್ಕದಲ್ಲಿ ನಿಂತು ದೀಪ ಹಿಡಿದಿದ್ದ. ಅಕ್ಕ ಒಳಗೆ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಫೋನು ಮಷೀನಿನ ಹಲಗೆಯ ಮೇಲೆ ಬೋರಲಾಗಿ ಬಿದ್ದಿತ್ತು. ಮಧ್ಯಾಹ್ನದಿಂದ ಅವಳು ಅದನ್ನು ಮುಟ್ಟಿರಲಿಲ್ಲ. ಮಧ್ಯಾಹ್ನ ಅದು ಮೇಲಿಂದ ಮೇಲೆ ಸದ್ದು ಮಾಡಿತ್ತು. ಪ್ರತಿ ಸಲವೂ ಬೇಕರಿಯ ಹೆಸರು, ಪ್ರತಿ ಸಲವೂ ಖಾತೆಯಲ್ಲಿ ಹಣವಿಲ್ಲ ಎಂಬ ಒಂದೇ ಸಾಲು. ಕೊನೆಯ ಸಲ ಕೇಳಿದ್ದು ಒಂದು ಬನ್ನಿನ ಬೆಲೆ. ಅದಕ್ಕೂ ಅದೇ ಸಾಲು.

ತಮ್ಮ ಅಳುತ್ತ ಬರುತ್ತಾನೆ ಎಂದು ಅವಳು ಕಾದಿದ್ದಳು. ಏನು ಹೇಳಬೇಕೆಂದು ಕೂಡಿಸಿಟ್ಟುಕೊಂಡಿದ್ದಳು: ಮಷೀನು ಕೆಟ್ಟಿರಬೇಕು, ಬ್ಯಾಂಕಿಗೆ ರಜ, ಮುಂದಿನ ವಾರ ಸರಿಹೋಗುತ್ತದೆ. ಅವನ ತುಟಿಯ ಮೂಲೆಯಲ್ಲಿ ಬನ್ನಿನ ಪುಡಿ ಅಂಟಿಕೊಂಡಿತ್ತು.

"ಅಕ್ಕ, ಕೈ ಕೊಡು" ಎಂದ.

ತುಟಿಯ ನಡುವಿನ ಗುಂಡುಸೂಜಿಗಳಿಂದಾಗಿ ಅವಳು ಕೇವಲ ಹುಬ್ಬೇರಿಸಿದಳು. ಅವನು ಅವಳ ಕೈಯಿಂದ ಕತ್ತರಿ ಬಿಡಿಸಿ ಪಕ್ಕಕ್ಕಿಟ್ಟ. ಜೇಬಿನಿಂದ ನಾಣ್ಯ ತೆಗೆದು ಅವಳ ಅಂಗೈಯಲ್ಲಿಟ್ಟ. ಇಷ್ಟು ಹೊತ್ತೂ ಎದೆಯ ಹತ್ತಿರ ಇದ್ದ ನಾಣ್ಯ ಬೆಚ್ಚಗಿತ್ತು.

"ಭಾವನ ಗಾಡಿಗೆ."

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಇದು ಎಲ್ಲಿಂದ ಬಂತೋ?"

"ಬನ್ನು ತಂದೆ. ದುಡ್ಡು ಕೊಟ್ಟೆ. ಚಿಲ್ಲರೆ ಬಂತು."

"ಇವತ್ತಾ?"

"ಇವತ್ತು ಶನಿವಾರ ಅಲ್ವಾ?" ಅಕ್ಕನಿಗೆ ಅಷ್ಟೂ ಗೊತ್ತಾಗುವುದಿಲ್ಲವಲ್ಲ ಎಂದು ಅವನಿಗೆ ನಗು ಬಂತು. "ಬೇಕರಿಯಮ್ಮ ಜಾಸ್ತಿ ತಗೊಳ್ಳೋಕೆ ನೋಡಿದ್ಳು. ಮಷೀನು ಸುಮ್ನೆ ಸುಮ್ನೆ ಕೂಗಿಸ್ತಿದ್ಳು. ನಾನು ಬಿಡ್ಲಿಲ್ಲ. ನಿಂತೇ ಇದ್ದೆ. ಆಮೇಲೆ ಕೊಟ್ಳು."

ಹೊರಗೆ ಎಂಜಿನ್ನು ಒಮ್ಮೆ ಗೊಗ್ಗರು ದನಿಯಲ್ಲಿ ಕೆಮ್ಮಿ, ಹಿಡಿದುಕೊಂಡಿತು. ಭಾವ ಏನೋ ಕೂಗಿ ಹೇಳಿದ, ಖುಷಿಯ ಕೂಗು. ಅಕ್ಕ ಅತ್ತ ನೋಡಲಿಲ್ಲ. ನಾಣ್ಯವನ್ನು ತಮ್ಮನ ಕಡೆ ಚಾಚಿ, "ಬೇಡಪ್ಪ. ನಿನ್ನ ಡಬ್ಬಕ್ಕೆ ಹಾಕ್ಕೋ. ನನಗೆ ಬೇಡ" ಎಂದಳು.

ಯಜಮಾನನ ಮುಖ ಗಂಭೀರವಾಯಿತು. ಇಷ್ಟು ದೊಡ್ಡವಳಾದರೂ ಅಕ್ಕನಿಗೆ ಅಮ್ಮನ ಪಾಠ ಮರೆತುಹೋಗಿದೆ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ನಾಣ್ಯದ ಮೇಲೆ ಮಡಚಿದ, ತುದಿಗೆ ತುದಿ ಸರಿಯಾಗಿ ಸೇರುವ ಹಾಗೆ.

"ವಾಪಸ್ ಕೊಡ್ಬಾರ್ದು" ಎಂದ. "ವಾಪಸ್ ಬಂದ್ರೆ ಕೊಟ್ಟ ಹಾಗಲ್ಲ."

ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಅಂಗೈ ಅಗಲಿಸಿ ಅವಳ ಮುಂದೆ ಹಿಡಿದ. ಒಗೆದ ಹಾಸುಗಳ ಸೋಡಾಕ್ಕೆ ಬಿರುಕು ಬಿಟ್ಟ, ಬೆಳ್ಳಗೆ ಸುಲಿದ ಅಂಗೈ. ಅವಳು ತಲೆ ತಗ್ಗಿಸಿದ್ದಳು. ಅವಳು ಕತ್ತೆತ್ತಿ ನೋಡಿ "ಬಂತು" ಎನ್ನಲಿ ಎಂದು ಅವನು ಕೈಯನ್ನು ಹಾಗೆಯೇ ಹಿಡಿದುಕೊಂಡು ಕಾಯುತ್ತ ನಿಂತ.